ಮರವೂ ಬಗ್ಗುತ್ತದೆ, ಮೇಷ್ಟ್ರೇ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಬಂದ ಮಕ್ಕಳ ಮನೋವಿಕಾಸದ ಲೇಖನ ಚೆನ್ನಾಗಿತ್ತು. ನಾನು ಪ್ರೌಢಶಾಲಾ ಶಿಕ್ಷಕ. ಐದು ವರ್ಷದೊಳಗೆ ಆದದ್ದೇ ಆಯಿತು, ಆಮೇಲೆ ಮನುಷ್ಯ ಬದಲಾಗುವುದಿಲ್ಲ ಎಂಬುದು ನನ್ನ ಅನುಭವವೂ ಹೌದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಮ್ಮ ತಂದೆಯವರನ್ನೇ ನೋಡಿ. ವಯಸ್ಸು 72. ಲೈನ್‌ಮನ್ ಆಗಿದ್ದು ನಿವೃತ್ತರಾಗಿ 12 ವರ್ಷ. ಮಳೆಗಾಲದ ಒಂದು ರಾತ್ರಿ ಲೈನ್ ಸರಿಮಾಡಿದ ಕಥೆಯನ್ನು ವಾರಕ್ಕೆ ನಾಲ್ಕು ಸಲ ಹೇಳುತ್ತಾರೆ. ಜೊತೆಗಿದ್ದ ಹುಡುಗ ಕಂಬ ಹತ್ತಿದ ಎನ್ನುವಲ್ಲಿಗೆ ಬಂದು ಸುಮ್ಮನಾಗುತ್ತಾರೆ. ಹೋದ ವರ್ಷ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲ್ ಹತ್ತಿ ಜಾರಿದರು. ಪೆಟ್ಟಾಗಲಿಲ್ಲ. ಅಂದಿನಿಂದ ಸ್ವಿಚ್ ಬೋರ್ಡು, ಯುಪಿಎಸ್ ಬ್ಯಾಟರಿ ಯಾವುದನ್ನೂ ಮುಟ್ಟಬೇಡಿ ಎಂದಿದ್ದೇವೆ. ಕರೆಂಟ್ ಬಿಲ್ಲನ್ನೂ ನಾನೇ ಫೋನಿನಲ್ಲಿ ಕಟ್ಟುತ್ತೇನೆ. ಆರಾಮವಾಗಿರಿ ಎಂದರೆ ಸಿಡುಕುತ್ತಾರೆ. ಮಗ ಎಸ್ಸೆಸ್ಸೆಲ್ಸಿ, ನಮ್ಮ ಗಮನವೆಲ್ಲ ಅವನ ಮೇಲೆ. ಅರವತ್ತಕ್ಕೆ ಅರಳು ಮರಳು ಎಂದುಕೊಂಡು ಸುಮ್ಮನಿರುವುದೇ ಸರಿಯಲ್ಲವೇ?
(ಹೆಸರು ಬೇಡವೆಂದಿದ್ದಾರೆ), ಅರಸೀಕೆರೆ ತಾಲ್ಲೂಕು

ಸಂಪಾದಕರ ಉತ್ತರ

ಮೇಷ್ಟ್ರೇ, ತಂದೆಯವರ ಕಥೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಗಮನಿಸಿ ಬರೆದಿದ್ದೀರಿ. ಕಿವಿಗೊಟ್ಟು ಕೇಳದವರಿಗೆ ಅದು ಗೊತ್ತಾಗುವುದಿಲ್ಲ. ಅಷ್ಟು ಚೆನ್ನಾಗಿ ಕೇಳಬಲ್ಲವರು ಕೊನೆಗೆ ಎರಡು ಗಾದೆಗಳ ಹಿಂದೆ ಅಡಗಿಕೊಂಡಿರಲ್ಲ, ಅದಷ್ಟೇ ನನಗೆ ಬೇಸರ.

ನಿಮ್ಮ ಮಾತಿನಲ್ಲಿರುವ ನಿಜವನ್ನು ಮೊದಲೇ ಒಪ್ಪಿಬಿಡುತ್ತೇನೆ. ಮೊದಲ ವರ್ಷಗಳು ಸಣ್ಣ ವಿಷಯವಲ್ಲ. ರುಮೇನಿಯಾದ ಬುಕಾರೆಸ್ಟಿನಲ್ಲಿ 2000ದ ಸುಮಾರಿಗೆ ಶುರುವಾದ ಅಧ್ಯಯನವೊಂದರಲ್ಲಿ ಅನಾಥಾಲಯಗಳ 136 ಪುಟ್ಟ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳು ಸಾಕುವವರನ್ನು ಹಚ್ಚಿಕೊಳ್ಳುವುದರಲ್ಲಿ ತಡವಾಗಿ ಸೇರಿದವರಿಗಿಂತ ಮುಂದಿದ್ದರು. ಅಳುವ ಕೂಸನ್ನು ಎತ್ತಿಕೊಳ್ಳುವ ಕೈ ಬೇಕು, ಬೇಗ ಬೇಕು. ಅದಕ್ಕೆ ಎರಡು ಮಾತಿಲ್ಲ.

ಆದರೆ ಅಷ್ಟರಿಂದಲೇ ‘ಆಮೇಲೆ ಮನುಷ್ಯ ಬದಲಾಗುವುದಿಲ್ಲ’ ಎಂಬಲ್ಲಿಗೆ ಹೋಗಲು ದಾರಿಯಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ಅವರಿಗೆ ನಲವತ್ತಾಗುವವರೆಗೆ ಹಿಂಬಾಲಿಸಿ ನೋಡಿದರು. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಕ್ಕಳ ಆರಂಭವೇ ಕೆಟ್ಟದ್ದು: ಬಡತನ, ಹೆರಿಗೆಯ ತೊಡಕು, ಮನೆಯಲ್ಲಿ ಕುಡಿತ ಅಥವಾ ಮನೋರೋಗ. ಅವರಲ್ಲಿ ಮೂರಕ್ಕೊಬ್ಬರು ಚೆನ್ನಾಗಿಯೇ ಬೆಳೆದರು ಎಂಬುದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಹೆಚ್ಚು ಜನ ಹೇಳದಿರುವುದು ಮಿಕ್ಕವರ ಕಥೆ. ಹದಿನೆಂಟರ ಹೊತ್ತಿಗೆ ಓದು ಬಿಟ್ಟವರು, ಪೊಲೀಸರ ಕೈಗೆ ಸಿಕ್ಕವರು, ಮದುವೆಗೆ ಮೊದಲೇ ಬಸಿರಾದವರು ಅದರಲ್ಲಿದ್ದರು. ಇಂಥವರಲ್ಲೂ ಹೆಚ್ಚಿನವರು ಮೂವತ್ತು, ನಲವತ್ತರ ಹೊತ್ತಿಗೆ ನೆಲೆ ಕಂಡುಕೊಂಡಿದ್ದರು. ತಡವಾಗಿ ಸೇರಿದ ಕಾಲೇಜು, ಸೈನ್ಯದ ಕೆಲಸ, ಕೈಬಿಡದ ಸಂಗಾತಿ, ಒಂದು ಪ್ರಾರ್ಥನಾ ಮಂಡಳಿ, ಇಂಥವು ಅವರನ್ನು ಬಗ್ಗಿಸಿದ್ದವು. ಮರವಾಗಿ ಬಗ್ಗಿದವರು ಅವರು.

ನೀವು ಬಿ.ಎಡ್. ಮಾಡಿದವರು. ಹುಟ್ಟಿನಿಂದ ಮುಪ್ಪಿನವರೆಗೆ ಒಂದೊಂದು ವಯಸ್ಸಿಗೆ ಒಂದೊಂದು ಜಗ್ಗಾಟವನ್ನು ಗುರುತಿಸಿದ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ನರ ಎಂಟು ಹಂತಗಳ ಕೋಷ್ಟಕವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ: ನಂಬಿಕೆ ಅಪನಂಬಿಕೆ, ಸ್ವಾಯತ್ತತೆ ನಾಚಿಕೆ, ಉಪಕ್ರಮ ಅಪರಾಧಿಭಾವ, ಶ್ರಮಶೀಲತೆ ಕೀಳರಿಮೆ, ಅನನ್ಯತೆ ಪಾತ್ರಗೊಂದಲ, ಆತ್ಮೀಯತೆ ಒಂಟಿತನ, ಉತ್ಪಾದಕತೆ ಜಡತೆ, ಸಮಗ್ರತೆ ಹತಾಶೆ. ಐದು ಅಂಕದ ಪ್ರಶ್ನೆ. ಆ ಕೋಷ್ಟಕ ಮೇಷ್ಟ್ರುಗಳಿಗೆ ಮಾಡಿದಷ್ಟು ಕೇಡನ್ನು ಬೇರೆ ಯಾವುದೂ ಮಾಡಿಲ್ಲ. ಅದರ ಗೆರೆಗಳನ್ನು ನೋಡಿದವರು, ಒಂದನೇ ಮೆಟ್ಟಿಲಲ್ಲಿ ಪಾಸಾಗದವನು ಎರಡಕ್ಕೆ ಹೋಗಲಾರ, ಹೋದವನು ಹಿಂದಕ್ಕೆ ಬರಲಾರ ಎಂದು ತಿಳಿಯುತ್ತಾರೆ. ಎರಿಕ್‌ಸನ್ ಹೇಳಿದ್ದು ಅದಲ್ಲ. ಅಪನಂಬಿಕೆ ಪೂರ್ತಿ ಅಳಿಯಬೇಕೆಂದು ಅವರು ಎಲ್ಲೂ ಹೇಳಲಿಲ್ಲ. ಅಪನಂಬಿಕೆಯೇ ಇಲ್ಲದ ಮಗು ಯಾರು ಕರೆದರೂ ಹಿಂದೆ ಹೋಗುತ್ತದೆ. ತಕ್ಕಡಿ ನಂಬಿಕೆಯ ಕಡೆಗೆ ಒಂದಿಷ್ಟು ವಾಲಿದರೆ ಸಾಕು. ಎರಡನೆಯದಾಗಿ, ಎಂಟೂ ಪ್ರಶ್ನೆಗಳು ಹುಟ್ಟಿನಿಂದ ಸಾವಿನವರೆಗೆ ಮನುಷ್ಯನೊಳಗೆ ಇದ್ದೇ ಇರುತ್ತವೆ. ಒಂದೊಂದು ವಯಸ್ಸಿನಲ್ಲಿ ಒಂದೊಂದು ಮುಂದೆ ಬಂದು ನಿಲ್ಲುತ್ತದೆ, ಅಷ್ಟೆ.

ಎರಿಕ್‌ಸನ್ನರ ಬಾಳೇ ಇದಕ್ಕೆ ಸಾಕ್ಷಿ. 1902ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದಾಗ ತಂದೆ ಯಾರೆಂಬುದೇ ತಿಳಿಯದು. ಮಲತಂದೆಯ ಹೆಸರು ಹೊತ್ತು ಬೆಳೆದರು. ಕಾಲೇಜಿನ ಪದವಿ ಪಡೆಯಲಿಲ್ಲ. ಚಿತ್ರ ಬರೆಯುತ್ತ ಯುರೋಪೆಲ್ಲ ಅಲೆದರು. ವಿಯೆನ್ನಾದ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳಲು ಹೋಗಿ, ಸಿಗ್ಮಂಡ್ ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ ಅವರ ಬಳಿ ಮನೋವಿಶ್ಲೇಷಣೆ ಕಲಿತರು. 1933ರಲ್ಲಿ ಅಮೆರಿಕ ಸೇರಿ, 1939ರಲ್ಲಿ ಅಲ್ಲಿನ ಪೌರತ್ವ ಪಡೆಯುವಾಗ ತಮಗೆ ತಾವೇ ‘ಎರಿಕ್‌ಸನ್’ ಎಂಬ ಹೊಸ ಹೆಸರಿಟ್ಟುಕೊಂಡರು. ತಮ್ಮ ಗುರುಗಳ ಪರಂಪರೆ ಮನುಷ್ಯನ ಬೆಳವಣಿಗೆಯನ್ನು ಹರೆಯಕ್ಕೇ ನಿಲ್ಲಿಸಿದ್ದಾಗ, 1950ರಲ್ಲಿ ಅದನ್ನು ಮುಪ್ಪಿನವರೆಗೆ ಎಳೆದವರು ಇವರು.

ಅರವತ್ತಕ್ಕೆ ಅರಳು ಮರಳು ಎಂದಿರಿ. ಎರಿಕ್‌ಸನ್ ಮನುಷ್ಯನ ಜೀವನಚಕ್ರದ ಬಗ್ಗೆ ಗೋಷ್ಠಿ ನಡೆಸಲು ಅಹಮದಾಬಾದಿಗೆ ಬಂದದ್ದು 1962ರಲ್ಲಿ, ಸರಿಯಾಗಿ ಅರವತ್ತರ ವಯಸ್ಸಿನಲ್ಲಿ. ಅಲ್ಲಿ 1918ರ ಗಿರಣಿ ಮುಷ್ಕರದ ಕಥೆ ಅವರನ್ನು ಹಿಡಿದುಕೊಂಡಿತು. ಕೂಲಿಯನ್ನು ನೂರಕ್ಕೆ 35 ಹೆಚ್ಚಿಸಿ ಎಂದು ನಿಂತ ನೇಕಾರರು, ಗಿರಣಿಯ ಒಡೆಯ ಅಂಬಾಲಾಲ್ ಸಾರಾಭಾಯಿ, ತಮ್ಮನ ವಿರುದ್ಧ ಕೂಲಿಗಳ ಪಕ್ಕ ನಿಂತ ಅಕ್ಕ ಅನಸೂಯಾ, ಉಪವಾಸ ಕೂತ 48ರ ಗಾಂಧಿ. ನಡುವಯಸ್ಸಿನ ಮನುಷ್ಯ ತನ್ನ ಮನೆಯ ಮಕ್ಕಳನ್ನು ದಾಟಿ ಊರ ಮಕ್ಕಳಿಗೆ ತಂದೆಯಾಗುವುದು ಹೇಗೆ ಎಂದು ಅವರು ಅಲ್ಲಿ ನೋಡಿದರು. ಏಳು ವರ್ಷ ದುಡಿದು 1969ರಲ್ಲಿ ತಂದ ‘ಗಾಂಧೀಸ್ ಟ್ರೂತ್’ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಬಂತು. ನಮ್ಮ ಬೇಂದ್ರೆಯವರು ಅರವತ್ತರ ಹೊತ್ತಿನ ಕವಿತೆಗಳ ಸಂಪುಟಕ್ಕೆ ನೀವು ಬಳಸಿದ ಇದೇ ಮಾತನ್ನು ಹೆಸರಾಗಿ ಇಟ್ಟು, ಮರಳಿ ಅರಳುವುದು ಎಂಬ ಅರ್ಥ ಹೊಮ್ಮಿಸಿದರು. 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಬಂತು. ಎರಿಕ್‌ಸನ್ ಹುಟ್ಟಿದ 1902ರಲ್ಲೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರ ಬೇಡವೆಂದು ಲೋಕಸಭೆಗೆ ನಿಂತರು. ಗೆಲ್ಲಲಿಲ್ಲ. ನಿಂತರು.

ಅವರೆಲ್ಲ ದೊಡ್ಡವರು, ನಮ್ಮಪ್ಪ ಲೈನ್‌ಮನ್ ಎನ್ನುತ್ತೀರಿ. ಹಾಗಾದರೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಬನ್ನಿ. ಸಾಲುಮರದ ತಿಮ್ಮಕ್ಕನವರು ಕೂಲಿ ಮಾಡಿದವರು, ಶಾಲೆ ಕಂಡವರಲ್ಲ, ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನವರ ಜೊತೆ ಕುದೂರಿನ ದಾರಿಯಲ್ಲಿ ಮೊದಲ ವರ್ಷ ಹತ್ತು ಆಲದ ಸಸಿ, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು ನೆಟ್ಟರು. ನೀರನ್ನು ಕೊಡಗಳಲ್ಲಿ ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಎರಿಕ್‌ಸನ್ನರ ಏಳನೇ ಹಂತ ಎಂದರೆ ಇದೇ. ಹೆತ್ತ ಮಕ್ಕಳು ಇರಲೇಬೇಕೆಂದು ಅವರೂ ಹೇಳಿಲ್ಲ. ಇದನ್ನು ಪಠ್ಯಪುಸ್ತಕಗಳು ‘ಉತ್ಪಾದಕತೆ’ ಎಂದು ಕರೆದು ಕಾರ್ಖಾನೆಯ ಮಾತು ಮಾಡಿವೆ. ‘ಮುಂದಿನವರ ಪೋಷಣೆ’ ಎಂದಿದ್ದರೆ ಪ್ರತಿ ಮೇಷ್ಟ್ರಿಗೂ ಒಂದೇ ಸಲಕ್ಕೆ ತಿಳಿಯುತ್ತಿತ್ತು. ತಾನು ಕಲಿತದ್ದು, ಕಟ್ಟಿದ್ದು ತನ್ನ ಜೊತೆ ಮುಗಿಯಬಾರದು ಎಂಬ ಹಂಬಲ ಅದು. ಅದಕ್ಕೆ ದಾರಿ ಸಿಗದಿದ್ದಾಗ ಮನುಷ್ಯ ತನ್ನನ್ನೇ ಮಗುವಿನಂತೆ ಸಾಕಿಕೊಳ್ಳತೊಡಗುತ್ತಾನೆ: ಊಟದಲ್ಲಿ ಉಪ್ಪು ಕಡಿಮೆ, ಕಾಫಿ ತಡ, ನನ್ನನ್ನು ಕೇಳುವವರಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಜಾರಿದ್ದು ಸ್ಟೂಲಿನಿಂದ, ನೀವು ಕಿತ್ತುಕೊಂಡದ್ದು ಬ್ಯಾಟರಿ, ಸ್ವಿಚ್ ಬೋರ್ಡು, ಬಿಲ್ಲು ಎಲ್ಲವನ್ನೂ. ಬೀಳುವ ಭಯ ಸುಳ್ಳಲ್ಲ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮನೆಯೇ ಮಲಗಿಬಿಡುತ್ತದೆ. ಸ್ಟೂಲನ್ನು ಬಚ್ಚಿಡಿ, ಬೇಡ ಎನ್ನುವುದಿಲ್ಲ. ಆದರೆ ಯುಪಿಎಸ್ ಬ್ಯಾಟರಿ ನೆಲದ ಮೇಲಿರುತ್ತದೆ, ಅದಕ್ಕೆ ನೀರು ಹಾಕಲು ಏನನ್ನೂ ಹತ್ತಬೇಕಾಗಿಲ್ಲ. ಕಂಬದ ಮೇಲೆ ಜೀವ ತೇಯ್ದವರಿಗೆ ಮನೆಯ ಫ್ಯೂಸು ಮುಟ್ಟಬೇಡಿ ಎಂದರೆ, ನಿಮ್ಮ ಬದುಕು ನಮಗೆ ಇನ್ನು ಬೇಕಾಗಿಲ್ಲ ಎಂದೇ ಅವರಿಗೆ ಕೇಳಿಸುತ್ತದೆ. ಅಡಿಗೆಮನೆಯಿಂದ ಅತ್ತೆಯನ್ನು ‘ನೀವು ಕೂತ್ಕೊಳ್ಳಿ’ ಎಂದು ಹೊರಗೆ ಕೂರಿಸುವ ಮನೆಗಳಲ್ಲೂ ಇದೇ ಆಗುತ್ತದೆ. ಪ್ರೀತಿಯಿಂದಲೇ ಹೇಳಿದರೂ ಪೆಟ್ಟು ಪೆಟ್ಟೇ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ವೃದ್ಧರ ಆರೈಕೆ ಮನೆಯಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧ. ಒಂದು ಮಹಡಿಯವರಿಗೆ ಕುಂಡದ ಗಿಡ ಕೊಟ್ಟು, ನೀರು ಹಾಕುವುದು ನಿಮ್ಮ ಹೊಣೆ, ಸಿನಿಮಾ ಯಾವ ರಾತ್ರಿ ನೋಡಬೇಕೆಂದು ನೀವೇ ಆರಿಸಿ ಎಂದರು. ಇನ್ನೊಂದು ಮಹಡಿಯವರಿಗೂ ಅದೇ ಗಿಡ, ಅದೇ ಸಿನಿಮಾ, ನೀರು ಹಾಕುವವರು ಮಾತ್ರ ನರ್ಸುಗಳು. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾದರು, ಹೆಚ್ಚು ಬೆರೆತರು. ಗುಂಪು ಚಿಕ್ಕದು. ಆಮೇಲೆ ಎರಡೂ ಮಹಡಿಗಳಲ್ಲಿ ಎಷ್ಟು ಜನ ತೀರಿಕೊಂಡರೆಂಬ ಲೆಕ್ಕವನ್ನು ಸಂಶೋಧಕರೇ ತಿದ್ದಿಕೊಂಡದ್ದರಿಂದ ಆ ಅಂಕಿಗಳನ್ನು ನಾನು ಹಿಡಿದುಕೊಳ್ಳುವುದಿಲ್ಲ. ಆದರೆ ಆರೈಕೆಗೂ ಹೊಣೆಗೂ ಇರುವ ವ್ಯತ್ಯಾಸವನ್ನು ಅಷ್ಟು ಸರಳವಾಗಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ.

ಆದ್ದರಿಂದ ಬ್ಯಾಟರಿಯನ್ನು ಅವರಿಗೆ ಹಿಂದಿರುಗಿಸಿ. ಹಿಂದಿರುಗಿಸುವ ಕ್ರಮ ಮುಖ್ಯ. ಕೆಲಸ ನಿಜವಾದದ್ದಾಗಿರಬೇಕು, ಮಾಡದಿದ್ದರೆ ಯಾರಿಗಾದರೂ ತೊಂದರೆಯಾಗಬೇಕು. ಬೇಳೆ ಆರಿಸಿಕೊಡಿ ಎಂದು ಮೊದಲೇ ಆರಿಸಿದ ಬೇಳೆ ಕೊಟ್ಟರೆ ಮುದುಕರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಅವಮಾನವಿಲ್ಲ. ತೀರ್ಮಾನವೂ ಅವರದೇ ಆಗಿರಬೇಕು: ಡಿಸ್ಟಿಲ್ಡ್ ವಾಟರ್ ಎಲ್ಲಿ ತರಬೇಕು, ಯಾವಾಗ ಹಾಕಬೇಕು ಎಂಬುದನ್ನು ಅವರು ಹೇಳಲಿ. ಅವರು ಮಾಡಿದ ಮೇಲೆ ನೀವು ಹೋಗಿ ಮತ್ತೊಮ್ಮೆ ನೋಡಬೇಡಿ. ಹೆಚ್ಚಿನ ಮನೆಗಳಲ್ಲಿ ಎಲ್ಲ ಕೆಡುವುದು ಈ ಮರುತಪಾಸಣೆಯಿಂದಲೇ. ಮತ್ತು ಕಲಿಯಲು ಒಬ್ಬ ಕಿರಿಯ ಪಕ್ಕದಲ್ಲಿರಬೇಕು.

ಆ ಕಿರಿಯ ನಿಮ್ಮ ಮನೆಯಲ್ಲೇ ಇದ್ದಾನೆ. ಹದಿನೈದರ ಹುಡುಗ, ‘ನಾನು ಯಾರು’ ಎಂಬ ಐದನೇ ಹಂತದ ನಡುವೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಈ ಹಂತವನ್ನು ಇನ್ನೂ ಬಿಡಿಸಿ, ಏನನ್ನೂ ಹುಡುಕಿ ನೋಡದೆ ದೊಡ್ಡವರು ಹೇಳಿದ್ದನ್ನೇ ತನ್ನದೆಂದು ಒಪ್ಪಿಕೊಳ್ಳುವ ಮಕ್ಕಳ ಸ್ಥಿತಿಯನ್ನು ಬೇರೆಯಾಗಿ ಗುರುತಿಸಿದರು. ಫಲಿತಾಂಶಕ್ಕೂ ಮೊದಲೇ ಪಿಯು ಸೈನ್ಸಿಗೆ ಸೀಟು ಕಾದಿರಿಸುವ ನಮ್ಮ ಮನೆಗಳು ಅಂಥ ಮಕ್ಕಳನ್ನು ಸಾಲುಸಾಲಾಗಿ ತಯಾರಿಸುತ್ತಿವೆ. ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ಆ ಹುಡುಗ ತಾತನ ಜೊತೆ ಇರಲಿ. ಮೀಟರ್ ಓದಿ ಪುಸ್ತಕದಲ್ಲಿ ಬರೆದು ಹಿಂದಿನ ತಿಂಗಳ ಅಂಕಿ ಕಳೆಯಲಿ, ಬಿಲ್ಲಿನ ಯೂನಿಟ್ಟಿಗೆ ಹೊಂದಿಸಿ ನೋಡಲಿ. ಕರೆಂಟ್ ಸೋರಿದಾಗ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿ ಕರೆಂಟ್ ಹೋಗುತ್ತದೆಯೇ ನೋಡಲಿ. ಹೋಗದಿದ್ದರೆ ಆ ಸ್ವಿಚ್ಚು ಸತ್ತಿದೆ, ಶಾಕ್ ಹೊಡೆದಾಗ ಉಳಿಸುವುದಿಲ್ಲ. ಬ್ಯಾಟರಿಯ ನೀರಿನ ಮಟ್ಟ ತೋರಿಸುವ ಫ್ಲೋಟ್ ಕೆಂಪಿಗೆ ಇಳಿದಿದ್ದರೆ ಯುಪಿಎಸ್ ಆರಿಸಿ, ಹಸಿರಿನ ಗುರುತಿನವರೆಗೆ ಮಾತ್ರ ನೀರು ಹಾಕಲಿ. ತುಂಬಿ ಚೆಲ್ಲಿದರೆ ಆಸಿಡ್ ಹೊರಬರುತ್ತದೆ, ನಲ್ಲಿ ನೀರು ಹಾಕಿದರೆ ಪ್ಲೇಟು ಹಾಳಾಗುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರೇಕೆ ಎಂದು ತಾತ ಹೇಳಲಿ. ಟ್ಯೂಬ್‌ಲೈಟಿಗೆ ಹುಡುಗ ಹತ್ತಲಿ, ತಾತ ಕೆಳಗೆ ನಿಂತು ಹೇಳಲಿ. ಬಿಲ್ಲನ್ನು ಇಬ್ಬರೂ ಕೂತು ಅದೇ ಫೋನಿನಲ್ಲಿ ಕಟ್ಟಲಿ. ‘ತಾತನ ಹತ್ತಿರ ಹೋಗು, ಪಾಪ’ ಎಂದು ಮಾತ್ರ ಅವನನ್ನು ಕಳಿಸಬೇಡಿ. ಪಾಪ ಎಂದ ಕೂಡಲೇ ಎಲ್ಲ ಮುಗಿಯಿತು.

ಇನ್ನು ಆ ಮಳೆಯ ರಾತ್ರಿಯ ಕಥೆ. ಮುದುಕರು ಹಿಂದಿನದನ್ನೇ ಹೇಳುವುದು ಬುದ್ಧಿ ಕುಂದಿದ ಲಕ್ಷಣ ಎಂದು ವೈದ್ಯರೂ ನಂಬಿದ್ದ ಕಾಲದಲ್ಲಿ, 1963ರಲ್ಲಿ, ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಮನಸ್ಸು ಮಾಡಲೇಬೇಕಾದ ಕೆಲಸ ಎಂದು ಬರೆದರು. ಸಾವು ಹತ್ತಿರವಾದಂತೆ ಮನುಷ್ಯ ತನ್ನ ಬಾಳಿನ ಲೆಕ್ಕ ನೋಡುತ್ತಾನೆ, ತೀರದ ಬಾಕಿಗಳು ಮೇಲೇಳುತ್ತವೆ. ವಯಸ್ಸಿನ ಕಾರಣಕ್ಕೆ ಜನರನ್ನು ಕೀಳಾಗಿ ಕಾಣುವುದಕ್ಕೆ ಇಂಗ್ಲಿಷಿನಲ್ಲಿ ‘ಏಜಿಸಂ’ ಎಂಬ ಹೆಸರು ಕೊಟ್ಟವರೂ ಅವರೇ. ಎರಿಕ್‌ಸನ್ನರ ಎಂಟನೇ ಹಂತ ನಡೆಯುವುದು ಇಲ್ಲೇ: ಆದದ್ದೆಲ್ಲ ಆಗಲೇಬೇಕಿತ್ತು, ಇದು ನನ್ನದೇ ಬಾಳು ಎಂದು ಒಪ್ಪುವುದೋ, ಇನ್ನೊಮ್ಮೆ ಶುರುಮಾಡಲು ಹೊತ್ತಿಲ್ಲವಲ್ಲ ಎಂದು ಕುದಿಯುವುದೋ. ಸಿಡುಕು ಹೆಚ್ಚಾಗಿ ಈ ಕುದಿತದ ಹೊರಮೈ.

ಕೇಳುವುದಕ್ಕೂ ಒಂದು ವಿಧಾನವಿದೆ. ನರ್ಸಿಂಗ್ ಸಂಶೋಧಕಿ ಬಾರ್ಬರಾ ಹೈಟ್ ಇದನ್ನು ಎರಿಕ್‌ಸನ್ನರ ಹಂತಗಳ ಮೇಲೆಯೇ ಕಟ್ಟಿದರು: ವಾರಕ್ಕೊಂದು ಸಲ, ಸುಮಾರು ಒಂದು ಗಂಟೆ, ಆರರಿಂದ ಎಂಟು ವಾರ, ಒಬ್ಬರೇ ಕೇಳುಗರು. ಮೊದಲ ವಾರ ಬಾಲ್ಯದ ಮನೆ, ಅಡಿಗೆ ಯಾರು ಮಾಡುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು. ಆಮೇಲೆ ಶಾಲೆ, ಹರೆಯ, ಮೊದಲ ಕೆಲಸ, ಕೆಲಸ ಕಲಿಸಿದವರು, ಮದುವೆ, ತಾವು ಕಲಿಸಿದ ಹುಡುಗರು. ಕೊನೆಯ ಎರಡು ವಾರ ಹೊಸ ಕಥೆ ಬೇಡ, ತೂಗಿ ನೋಡುವುದು: ಮತ್ತೆ ಬದುಕುವುದಾದರೆ ಏನನ್ನು ಹಾಗೇ ಇಟ್ಟುಕೊಳ್ಳುತ್ತೀರಿ, ಏನನ್ನು ಬದಲಿಸುತ್ತೀರಿ? ಈ ಕೊನೆಯದನ್ನು ಬಿಟ್ಟರೆ ಅದು ಬರೀ ಹರಟೆಯಾಗುತ್ತದೆ. ಇಸವಿ ತಪ್ಪಿದರೆ ತಿದ್ದಬೇಡಿ. ಕಣ್ಣೀರು ಬಂದರೆ ಮಾತು ಬದಲಿಸಬೇಡಿ, ಸುಮ್ಮನೆ ಕೂತಿರಿ. ಕೇಳದೆ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ‘ಈಗ್ಯಾಕೆ ಅದೆಲ್ಲ ಬಿಡಿ’ ಎಂಬ ಮಾತನ್ನು ಮನೆಯಿಂದಲೇ ತೆಗೆದುಹಾಕಿ.

ಎಲ್ಲವನ್ನೂ ಕೇಳಿಯೇ ವಾಸಿಮಾಡಲಾಗದು, ಅದನ್ನೂ ಹೇಳಬೇಕು. ಹಳೆಯ ಕಥೆಯನ್ನು ಮತ್ತೆ ಮತ್ತೆ ಹೇಳುವುದು ಬೇರೆ, ‘ಊಟ ಆಯ್ತಾ’ ಎಂದು ಕೇಳಿ ಉತ್ತರ ಪಡೆದು ಹತ್ತು ನಿಮಿಷಕ್ಕೆ ಅದನ್ನೇ ಕೇಳುವುದು ಬೇರೆ. ಎರಡನೆಯದು ಮರೆವು, ತೋರಿಸಬೇಕು. ನಿದ್ದೆ ಹೋಗಿ, ಊಟ ಸೇರದೆ, ‘ನಾನು ಹೋದರೆ ಸಾಕು’ ಎನ್ನತೊಡಗಿ ಎರಡು ವಾರವಾದರೆ ಅದು ಖಿನ್ನತೆ, ಮುಪ್ಪಿನ ಸಹಜಗುಣವಲ್ಲ, ಔಷಧಿ ಇದೆ. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ಮೂರು ದಿನದಲ್ಲೇ ಗೊತ್ತುಗುರಿಯಿಲ್ಲದೆ ಬಡಬಡಿಸತೊಡಗಿದರೆ ಅದು ಸೋಂಕೋ ಸೋಡಿಯಂ ಇಳಿದದ್ದೋ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಸಿಡುಕಿಗೆ ಕಿವಿ ಮಂದವಾದದ್ದೂ ಕಾರಣವಿರಬಹುದು. ಕಿವಿ, ಕಣ್ಣು, ಥೈರಾಯ್ಡ್, ಬಿ12, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಇಷ್ಟನ್ನು ಒಮ್ಮೆ ನೋಡಿಸಿಬಿಡಿ.

ಎರಿಕ್‌ಸನ್ 1994ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ ಜೋನ್, ತೊಂಬತ್ತು ದಾಟಿದ ತಾವೇ ಕಂಡ ಒಂಬತ್ತನೇ ಹಂತವನ್ನು ಬರೆದು ಸೇರಿಸಿದರು. ಅದರಲ್ಲಿ ಮೊದಲಿನ ಪ್ರಶ್ನೆಗಳೆಲ್ಲ ತಿರುಗಿ ಬರುತ್ತವೆ, ಈ ಸಲ ಕಹಿ ಮುಂದಾಗಿ. ಈ ಕಾಲನ್ನು ನಂಬಬಹುದೇ? ಬಚ್ಚಲಿಗೆ ಒಬ್ಬನೇ ಹೋಗಬಹುದೇ? ಹಾಗಾಗಿ ಬಚ್ಚಲ ಗೋಡೆಯ ಹಿಡಿಕೆ ಎರಡನೇ ಹಂತದ ಸ್ವಾಯತ್ತತೆಯೇ. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ, ಗೋಡೆಗೆ ಬೋಲ್ಟ್ ಹೊಡೆದು ಕೂರಿಸಿದ ಸ್ಟೀಲ್ ಹಿಡಿಕೆಯೇ ಬೇಕು. ಎಲ್ಲಿ ಕೂರಿಸಬೇಕೆಂದು ಅವರೇ ಕೈ ಚಾಚಿ ತೋರಿಸಲಿ.

ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯಸ್ಸು ನಲವತ್ತನ್ನೂ ಮುಟ್ಟಿರಲಿಲ್ಲ, ಈಗ ಎಪ್ಪತ್ತರ ಆಸುಪಾಸು. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಇಷ್ಟು ಜನರ ಇಪ್ಪತ್ತು ವರ್ಷಗಳಿಗೆ ನಾವು ಇಟ್ಟುಕೊಂಡಿರುವ ಒಂದೇ ಮಾತು ‘ವಿಶ್ರಾಂತ ಜೀವನ ಸುಖಕರವಾಗಿರಲಿ’. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಮೂವತ್ತು ವರ್ಷ ಕೆಲಸ ಮಾಡಿದವರಿಗೆ, ಹೋಗುವ ಮುನ್ನ ಆರು ತಿಂಗಳು ಹೊಸ ಹುಡುಗರನ್ನು ಜೊತೆಗೆ ಕರೆದುಕೊಂಡು ಓಡಾಡಿ ಎನ್ನುವ ಇಲಾಖೆ ಎಷ್ಟಿದೆ? ಯಾವ ಕಂಬದ ಬುಡ ಮಳೆಗೆ ಸಡಿಲವಾಗುತ್ತದೆ, ಯಾವ ತೋಟದ ತೆಂಗಿನ ಗರಿ ಲೈನಿಗೆ ತಾಗುತ್ತದೆ ಎಂಬ ತಿಳಿವು ಆ ಗಡಿಯಾರದ ಜೊತೆ ಮನೆಗೆ ಹೋಗಿ ಗೋಡೆಯ ಮೇಲೆ ಕೂರುತ್ತದೆ. ಪತ್ರಿಕೆಗಳೂ ತಪ್ಪಿತಸ್ಥರೇ. ಮಗು ಬೆಳೆಸುವುದರ ಬಗ್ಗೆ ಪುಟಗಟ್ಟಲೆ, ಮುಪ್ಪಿನ ಬಗ್ಗೆ ಮಂಡಿನೋವು ಮತ್ತು ಬಡ್ಡಿದರ. ಬಿ.ಎಡ್. ಕೋಷ್ಟಕದಲ್ಲಿ ಎಂಟೂ ಹಂತವಿದ್ದರೂ ಪಾಠ ಹರೆಯದಲ್ಲೇ ನಿಲ್ಲುತ್ತದೆ, ಪಾಠ ಹೇಳುವ ಮೇಷ್ಟ್ರೂ ಒಂದು ಹಂತದಲ್ಲಿದ್ದಾರೆ ಎಂಬುದನ್ನೇ ಅದು ಮರೆತಿದೆ. ನೀವೀಗ ಏಳನೆಯದರಲ್ಲಿದ್ದೀರಿ. ಮಗನಿಗೆ ಕೊಡುವುದು ಮಾತ್ರವಲ್ಲ, ಅಪ್ಪನಿಂದ ಇಸಿದುಕೊಳ್ಳುವುದೂ ಆ ಹಂತದ ಕೆಲಸವೇ.

ಈ ಭಾನುವಾರ ಮೊದಲ ಗಂಟೆ ಬಾಲ್ಯದಿಂದ ಶುರುಮಾಡಿ. ಆ ರಾತ್ರಿಯನ್ನು ನೀವಾಗಿ ಎಳೆಯಬೇಡಿ, ಮೂರನೆಯದೋ ನಾಲ್ಕನೆಯದೋ ವಾರ ಅದು ತಾನಾಗಿ ಬರುತ್ತದೆ. ಹುಡುಗ ಕಂಬ ಹತ್ತಿದ ಎಂದು ಅವರು ನಿಲ್ಲಿಸಿದಾಗ ನೀವು ಏಳಬೇಡಿ, ಫೋನು ನೋಡಬೇಡಿ. ಆ ಹುಡುಗನ ಹೆಸರೇನು ಎಂದು ಕೇಳಿ.